ಸೋಮವಾರದ ಸಹಿ

ಹೆಸರು ಬರೆಯುವಂತಿಲ್ಲ, ಕಾನೂನು.
ಹಾಗಾಗಿ ಹುಡುಗ ಅನ್ನುತ್ತೇನೆ. ಹದಿನಾರೂವರೆ.
ಬೈತಖೋಲ ಬಂದರಿನ ಹಿಂದಿನ ಓಣಿ.
ಕಡತದಲ್ಲಿ ಮಾತ್ರ ಉದ್ದನೆಯದೊಂದು ಹೆಸರಿದೆ:
ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು.
ಓದಿ ಹೇಳಿದರೆ ಅವನ ತಾಯಿ ಕೇಳುತ್ತಾಳೆ,
‘ಸಂಘರ್ಷ ಅಂದ್ರೆ ಜಗಳ ಅಲ್ದಾ ಬಾಯಿ?
ಇವ ಯಾರ ಸಂಗ್ತಿಯೂ ಜಗಳ ಮಾಡಿದವ ಅಲ್ಲ,
ಮಾತೇ ಕಮ್ಮಿ. ಮೋಟರು ಕದ್ದದ್ದು ಹೌದು.’

ಹೌದು.
ಜೂನ್. ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಸಾಲಾಗಿ ಕಟ್ಟಿ
ಬಲೆ ಹೊಲಿಯುವ ಕೆಲಸ ದೊಡ್ಡವರಿಗೇ ಸಾಲದ ಹೊತ್ತು.
ಧೋಂಡು ತಾಂಡೇಲರ ದೋಣಿಯ ಎಂಜಿನ್ನು ಬಿಚ್ಚಿ
ತಳ್ಳುಗಾಡಿಗೆ ಹಾಕಿ, ಮೇಲೆ ಗೋಣಿ ಹೊದೆಸಿ
ಕೋಡಿಬಾಗದವರೆಗೆ ಮಳೆಯಲ್ಲಿ ಒಬ್ಬನೇ ತಳ್ಳಿದ.
ಅಷ್ಟು ದೂರ, ಅಷ್ಟು ಭಾರ,
ಯಾರಾದರೂ ಕೂಲಿ ಕೊಟ್ಟಿದ್ದರೆ
ಎಂದು ವರದಿಯಲ್ಲಿ ಬರೆದು, ಹೊಡೆದುಹಾಕಿದೆ.
ಒಂದು ಬೋಲ್ಟಿನ ಹಲ್ಲೂ ಸವೆಯದ ಹಾಗೆ ಬಿಚ್ಚಿದ್ದಾನೆಂದು
ಪಂಚನಾಮೆಯಲ್ಲಿ ಯಾರೂ ಬರೆದಿರಲಿಲ್ಲ.

ಘಟ್ಟದಾಚೆಯ ವೀಕ್ಷಣಾಲಯದಲ್ಲಿ ಇಪ್ಪತ್ಮೂರು ದಿನ.
ನೋಡಲು ತಾಯಿಗೆ ಎರಡು ಬಸ್ಸು, ಒಂದು ಬುಟ್ಟಿ ಮೀನಿನ ವ್ಯಾಪಾರ ನಷ್ಟ,
ಒಯ್ದ ಸುಕ್ಕ ಬಂಗಡೆ ಬಾಗಿಲಲ್ಲೇ ವಾಪಸ್ಸು.
ಅಲ್ಲಿ ಕಲಿಸುವವರ ಹುದ್ದೆ ಖಾಲಿ.
ಆದರೂ ಕಲಿತು ಬಂದ, ಪಕ್ಕದ ಚಾಪೆಯವನಿಂದ,
ಬೈಕಿನ ಬೀಗ ಚಾವಿಯಿಲ್ಲದೆ ತೆಗೆಯುವುದನ್ನು.
ನನಗೆ ಹೇಳಿದವನು ಅವನೇ, ನಾಚಿಕೊಂಡು.

ಜಾಮೀನಿನ ಷರತ್ತು: ಸೋಮವಾರ ಬೆಳಿಗ್ಗೆ ಹನ್ನೊಂದು,
ನನ್ನ ಮೇಜು, ನನ್ನ ಎದುರು, ಒಂದು ಸಹಿ.
ಆಗಸ್ಟಿನಲ್ಲಿ ಬೋಟು ಹೊರಟವು.
ಹನ್ನೊಂದಕ್ಕೆ ಧಕ್ಕೆಯಲ್ಲಿ ಮೀನು ಇಳಿಯುತ್ತದೆ,
ಐಸು ಒಡೆಯಲು ಕೈ ಬೇಕು.
ಸಹಿಗೆ ಬಂದರೆ ಆ ದಿನದ ಕೂಲಿ ಇಲ್ಲ,
ಮರುದಿನ ಬಂದವನನ್ನು ‘ನಿನ್ನೆ ಎಲ್ಲಿದ್ದೆ’ ಎಂದು ಕೇಳುವ ಮೇಸ್ತ್ರಿಗೆ
ಇವನು ಏನೆಂದು ಹೇಳಬೇಕು?
ಮೂರು ಸೋಮವಾರ ಬರಲಿಲ್ಲ.
ಕಡತಕ್ಕೆ ಹೊಸ ಹಾಳೆ: ಸಹಕರಿಸುತ್ತಿಲ್ಲ.

ಕಚೇರಿಯಲ್ಲಿ ಸಭೆ. ವಿಷಯ, ಸೇವೆಗಳ ಸುಧಾರಣೆ.
ಗೋಡೆಯ ಮೇಲೆ ಬೆಳಕಿನ ಚೌಕ, ತಣ್ಣಗಾದ ಗೋಳಿಬಜೆ.
ಆಪ್ತಸಮಾಲೋಚನೆ ಕೋಣೆಗೆ ತಿಳಿನೀಲಿ ಬಣ್ಣ ಎಂದರು ಒಬ್ಬರು,
ಸ್ಫೂರ್ತಿದಾಯಕ ಉಪನ್ಯಾಸ ಎಂದರು ಇನ್ನೊಬ್ಬರು.
ನಾನು ಎದ್ದು ನಿಂತೆ. ಹನ್ನೊಂದನ್ನು ಸಂಜೆ ಆರು ಮಾಡಿ, ಸಾಕು.
‘ಅಷ್ಟೇನಾ ಮೇಡಂ?’
ಆರಕ್ಕೆ ಕಚೇರಿ ಇರುವುದಿಲ್ಲ ಎಂದು ನೆನಪಿಸಿದರು.
ನಡವಳಿಯಲ್ಲಿ ನನ್ನದೊಂದು ಸಾಲಿದೆ:
ಪರಿಶೀಲಿಸಲಾಗುವುದು.

ರಿಜಿಸ್ಟರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದೆ.
ಸೋಮವಾರ ಸಂಜೆ ಅದನ್ನು ಕಂಕುಳಲ್ಲಿಟ್ಟು ಧಕ್ಕೆಗೆ ನಡೆದೆ.
ಹನ್ನೆರಡು ತಾಲೂಕಿಗೆ ನಾನೊಬ್ಬಳು, ಎಲ್ಲರ ಧಕ್ಕೆಗೂ ಹೋಗಲಾರೆ,
ಗೊತ್ತು.
ಅವನ ಕೈ ಐಸಿನಿಂದ ಬೆಳ್ಳಗೆ ಸೆಡೆತಿತ್ತು,
ಸಹಿ ಒದ್ದೆಯಾಗಿ ಹಿಂದಿನ ಪುಟಕ್ಕೂ ಇಳಿಯಿತು.
ಧೋಂಡು ತಾಂಡೇಲರು ಅತ್ತ ಮುಖ ತಿರುಗಿಸಿದರು.
ಧಕ್ಕೆಯ ಪೋರರು ಕೂಗಿದರು, ‘ಏ ಮೋಟರ್, ನಿನ್ನ ಮೇಡಂ!’

ಕಾನೂನು ಅಡಗಿಸಿಟ್ಟ ಹೆಸರಿನ ಜಾಗಕ್ಕೆ
ಊರು ಹೀಗೆ ಇನ್ನೊಂದನ್ನು ತಂದಿಟ್ಟಿತ್ತು.

ಬೋಲ್ಟಿನ ಮಾತು ಇನಾಸ್ ಮೇಸ್ತ್ರಿಗೆ ನಾನೇ ಹೇಳಿದ್ದು.
ಬೋಟಿನ ಎಂಜಿನ್ನಿಗೆ ಕಿವಿಗೊಟ್ಟು ರೋಗ ಹೇಳುವ ಮುದುಕ,
‘ಕಳಿಸಿ, ನೋಡುವಾ. ನನ್ನ ಅಂಗಡಿಯಲ್ಲಿ ಕದಿಯಲಿಕ್ಕೆ ತುಕ್ಕು ಮಾತ್ರ.’
ಈಗ ಅಲ್ಲೂ ಅದೇ ಹೆಸರು,
‘ಮೋಟರ್, ಹತ್ತರ ಸ್ಪ್ಯಾನರ್ ಕೊಡು’,
ಆದರೆ ಯಾರೂ ನಗುವುದಿಲ್ಲ.

ತಪಾಸಣೆಗೆ ಬಂದವರು ಪುಟ ಮೂಸಿ ಕೇಳಿದರು, ಏನಿದು ವಾಸನೆ?
ಡೀಸೆಲ್ಲು, ಬಂಗಡೆ, ಎಂದೆ. ಹಾಜರಾತಿ.

ಈ ಸೋಮವಾರ ಅವನಿರಲಿಲ್ಲ.
ಇನಾಸ್ ಭುಜ ಹಾರಿಸಿದ. ತಾಯಿ ಫೋನು ಎತ್ತಲಿಲ್ಲ.
ಕತ್ತಲಾಗುವವರೆಗೆ ಐಸಿನ ಪೆಟ್ಟಿಗೆಯ ಮೇಲೆ ಕೂತಿದ್ದೆ.
ಆಮೇಲೆ ಅವನ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಎಳೆದೆ,
ಪೆನ್ಸಿಲಿನಲ್ಲಿ.